ಎಂಜಿನ್ ಕುದಿಯದಂತೆ, ಒಳಗೆ ಕುಳಿತವರು ಬೇಯದಂತೆ: ಬೇಸಿಗೆಗೂ ಘಾಟಿಗೂ ಕಾರನ್ನು ಸಿದ್ಧಪಡಿಸುವ ಬಗೆ

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗಲಾಗಲಿ, ಐದು ಜನರನ್ನೂ ಅವರ ಸಾಮಾನನ್ನೂ ಹೇರಿಕೊಂಡು ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವಾಗಲಾಗಲಿ, ಸುಸ್ಥಿತಿಯಲ್ಲಿರುವ ಕಾರಿನ ಎಂಜಿನ್ ಕುದಿಯಬಾರದು. ಕುದಿದರೆ ತಪ್ಪು ಬಿಸಿಲಿನದಲ್ಲ, ಘಾಟಿಯದೂ ಅಲ್ಲ. ತಿಂಗಳುಗಳಿಂದ ಒಳಗೇ ಇದ್ದ ಒಂದು ದೋಷ ಆ ದಿನ ಹೊರಬಿತ್ತು ಎಂದಷ್ಟೇ ಅರ್ಥ. ಬೇಸಿಗೆಯಲ್ಲಿ ಗಾಡಿ ಹೀಟ್ ಆಗುವುದು ಸಹಜ ಎಂಬ ಮಾತನ್ನು ಒಪ್ಪಿಕೊಳ್ಳದಿರುವುದೇ ಈ ಕೆಲಸದ ಆರಂಭ.

ಎಂಜಿನ್ನಿನ ಶಾಖ ಒಂದು ವಿಷಯ, ಒಳಗಿನ ಎಸಿ ಇನ್ನೊಂದು ವಿಷಯ ಎಂದು ನಾವು ಸಾಮಾನ್ಯವಾಗಿ ಬೇರೆ ಮಾಡಿ ನೋಡುತ್ತೇವೆ. ಬಾನೆಟ್ ಎತ್ತಿ ಮುಂಭಾಗವನ್ನು ನೋಡಿದರೆ ಇವೆರಡರ ನಂಟು ಕಾಣುತ್ತದೆ. ಗ್ರಿಲ್‌ನ ಹಿಂದೆ ಮೊದಲು ಇರುವುದು ಎಸಿಯ ಕಂಡೆನ್ಸರ್, ಅದಕ್ಕೆ ಅಂಟಿಕೊಂಡಂತೆ ಹಿಂದೆ ಇರುವುದು ರೇಡಿಯೇಟರ್, ಅದರ ಹಿಂದೆ ಫ್ಯಾನ್. ಒಂದೇ ಗಾಳಿ ಮೊದಲು ಎಸಿಯ ಶಾಖವನ್ನೂ ಆಮೇಲೆ ಎಂಜಿನ್ನಿನ ಶಾಖವನ್ನೂ ಹೊತ್ತೊಯ್ಯಬೇಕು. ಹಾಗೆಯೇ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್‌ನಲ್ಲಿ ಹರಿಯುವುದು ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟೇ. ಎರಡಕ್ಕೂ ಇನ್ನೊಂದು ಸಾಮ್ಯವಿದೆ: ಎರಡೂ ಮುಚ್ಚಿದ ವ್ಯವಸ್ಥೆಗಳು. ಕೂಲಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಎಸಿ ಗ್ಯಾಸೂ ಅಲ್ಲ. ಇವುಗಳಲ್ಲಿ ಯಾವುದು ಮತ್ತೆ ಮತ್ತೆ ಕಡಿಮೆಯಾದರೂ ಅದು ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಮೇಲಿಂದ ತುಂಬಿಸುವುದು ರಿಪೇರಿಯಲ್ಲ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ನೋಡಬೇಕಾದದ್ದು

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಬಾನೆಟ್ ಎತ್ತಿ ಕೂಲಂಟ್ ಡಬ್ಬಿಯನ್ನು ನೋಡಿ. ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಆ ಡಬ್ಬಿಯ ಮೇಲೆ ಕನಿಷ್ಠ ಮತ್ತು ಗರಿಷ್ಠ ಮಟ್ಟದ ಎರಡು ಗೆರೆಗಳಿರುತ್ತವೆ. ದ್ರವ ಅವೆರಡರ ನಡುವೆ ಇರಬೇಕು. ಬಿಸಿಯಾದಾಗ ದ್ರವ ಹಿಗ್ಗಿ ಮೇಲೇರುವುದರಿಂದ, ಓಡಿಸಿ ಬಂದ ಗಾಡಿಯಲ್ಲಿ ಮಟ್ಟ ನೋಡಿದರೆ ಅದು ನಿಜವನ್ನು ಹೇಳುವುದಿಲ್ಲ. ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೀಟು ಎಳೆದು ಪಕ್ಕದಲ್ಲಿ ದಿನಾಂಕ ಬರೆದಿಟ್ಟರೆ, ಮುಂದಿನ ತಿಂಗಳು ಮಟ್ಟ ಇಳಿದಿದೆಯೇ ಎಂಬ ಪ್ರಶ್ನೆಗೆ ಊಹೆಯ ಅಗತ್ಯವಿರುವುದಿಲ್ಲ.

ಮಟ್ಟ ಇಳಿದಿದ್ದರೆ ಸೋರಿಕೆಯನ್ನು ಹುಡುಕಿ. ದಪ್ಪ ರಬ್ಬರ್ ಹೋಸ್‌ಗಳು ರೇಡಿಯೇಟರಿಗೆ ಸೇರುವ ಕಡೆ, ಕ್ಲಿಪ್ಪಿನ ಸುತ್ತ ಬಿಳಿಯ, ಹಸಿರಿನ ಅಥವಾ ಗುಲಾಬಿ ಬಣ್ಣದ ಒಣಗಿದ ಪುಡಿ ಕೂತಿದ್ದರೆ ಅಲ್ಲಿ ಕೂಲಂಟ್ ಜಿನುಗಿ ಒಣಗಿದೆ ಎಂದರ್ಥ. ಹೋಸನ್ನು ಬೆರಳಿನಿಂದ ಒತ್ತಿ ನೋಡಿ: ಒಳ್ಳೆಯ ಹೋಸ್ ಬಗ್ಗಿ ಹಿಂದಕ್ಕೆ ಬರುತ್ತದೆ, ಹಳೆಯದು ಗಟ್ಟಿಯಾಗಿ ಕರಕರ ಎನ್ನುತ್ತದೆ ಅಥವಾ ಮೆತ್ತಗೆ ಉಬ್ಬಿರುತ್ತದೆ, ಈ ಎರಡೂ ಬಗೆಯವನ್ನು ಬದಲಿಸಬೇಕು. ನೀರಿನ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದಾಗ ಅಲ್ಲಿಂದ ಹನಿ ಬೀಳುತ್ತದೆ, ಆಗ ಪಂಪ್ ಬದಲಿಸುವ ಕಾಲ ಬಂದಿದೆ.

ಕಾರಿನೊಳಗೂ ಒಂದು ಸೋರಿಕೆ ಅಡಗಿರಬಹುದು. ಮುಂದಿನ ಸೀಟಿನಲ್ಲಿ ಕುಳಿತವರ ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡಿ. ಅಲ್ಲಿ ಬರಿಯ ನೀರಿನ ತೇವವಿದ್ದರೆ ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ; ಅಂಟಂಟಾಗಿ, ಸಿಹಿ ವಾಸನೆಯಿಂದ ಕೂಡಿದ್ದರೆ, ಜೊತೆಗೆ ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡು ಕೂರುತ್ತಿದ್ದರೆ, ಹೀಟರಿನಿಂದ ಕೂಲಂಟ್ ಸೋರುತ್ತಿದೆ. ಮೊದಲನೆಯದು ಸಣ್ಣ ಕೆಲಸ. ಎರಡನೆಯದನ್ನು ಬಿಟ್ಟರೆ ಎಂಜಿನ್ನೇ ಹಾಳಾದೀತು. ಎಸಿ ಹಾಕಿ ನಿಲ್ಲಿಸಿದ ಗಾಡಿಯ ಕೆಳಗೆ ಬಣ್ಣವಿಲ್ಲದ ನೀರು ತೊಟ್ಟಿಕ್ಕುವುದು ಮಾತ್ರ ಸರಿಯಾದ ಲಕ್ಷಣವೇ, ಅದಕ್ಕೆ ಗಾಬರಿ ಬೇಡ.

ಎರಡನೆಯ ಹೆಜ್ಜೆ: ರೇಡಿಯೇಟರಿನಲ್ಲಿ ಏನಿರಬೇಕು

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ಕೂಲಂಟ್ ಏಕೆ, ನೀರೇ ಸಾಕು ಎಂದು ಹೇಳುವವರು ಇನ್ನೂ ಇದ್ದಾರೆ. ಇದು ದುಬಾರಿಯಾಗುವ ತಪ್ಪು ತಿಳಿವಳಿಕೆ. ಓಡುವ ಎಂಜಿನ್ನಿನಲ್ಲಿ ಕೂಲಂಟ್ ಸಾಧಾರಣವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದಾಗ ಕುದಿಯುವ ಬಿಂದು ಏಳೆಂಟು ಡಿಗ್ರಿ ಏರುತ್ತದೆ. ರೇಡಿಯೇಟರಿನ ಮುಚ್ಚಳ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಾಗ ಅದು 125 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಹೇಗೆ ಸೀಟಿ ಬರುವುದಿಲ್ಲವೋ ಹಾಗೆ ಈ ಮುಚ್ಚಳದ ರಬ್ಬರ್ ಸವೆದರೆ ಒತ್ತಡ ನಿಲ್ಲುವುದಿಲ್ಲ, ಉಳಿದೆಲ್ಲ ಸರಿಯಿದ್ದರೂ ಎಂಜಿನ್ ಕುದಿಯುತ್ತದೆ. ಉಳಿದ ಭಾಗಗಳ ಮುಂದೆ ತೀರ ಅಗ್ಗದ ಈ ಮುಚ್ಚಳವನ್ನು ಪರೀಕ್ಷಿಸದೆ ರೇಡಿಯೇಟರ್ ಬದಲಿಸಲು ಒಪ್ಪಬೇಡಿ.

ಕೂಲಂಟಿನ ಇನ್ನೊಂದು ಕೆಲಸ ತುಕ್ಕು ತಡೆಯುವುದು. ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದ ಅಂಶ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಶಾಖ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಕೂಲಂಟನ್ನು ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ, ಇಲ್ಲವೇ ಬೆರೆಸಿಯೇ ಬರುವ ಕ್ಯಾನ್ ಕೊಳ್ಳಿ. ಗಟ್ಟಿ ಕೂಲಂಟನ್ನು ನೀರು ಸೇರಿಸದೆ ಹಾಗೆಯೇ ಸುರಿಯುವುದೂ ತಪ್ಪು, ಏಕೆಂದರೆ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಶಾಖವನ್ನು ಹೊರುವುದಿಲ್ಲ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಕೂಲಂಟ್‌ಗಳು ಒಂದೇ ಜಾತಿಯವಾಗುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿರುವ ದರ್ಜೆಯದನ್ನೇ ಹಾಕಿ. ಸಾಮಾನ್ಯ ಬಗೆಯದನ್ನು 2 ವರ್ಷ ಅಥವಾ 40,000 ಕಿಲೋಮೀಟರಿಗೊಮ್ಮೆ ಬದಲಿಸುವುದು ರೂಢಿ, ದೀರ್ಘ ಬಾಳಿಕೆಯವು 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಬರುತ್ತವೆ. ಇಲ್ಲಿಯೂ ಪುಸ್ತಕದ ಮಾತೇ ಅಂತಿಮ.

ನೀವೇ ಬದಲಿಸುವುದಾದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹಳೆಯದನ್ನು ಬಸಿದು, ಹೊಸದನ್ನು ನಿಧಾನವಾಗಿ ತುಂಬಿ, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ರೇಡಿಯೇಟರಿನ ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದಾಗ ಮಟ್ಟ ಇಳಿಯುತ್ತದೆ. ಮಾರನೆಯ ಬೆಳಿಗ್ಗೆ ಮತ್ತೆ ನೋಡಿ ಸರಿಪಡಿಸಿ. ಬಸಿದ ಕೂಲಂಟನ್ನು ತೆರೆದ ಬಕೆಟ್ಟಿನಲ್ಲಿ ಬಿಡಲೇಬೇಡಿ, ಚರಂಡಿಗೂ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳು ಕುಡಿದುಬಿಡುತ್ತಾರೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡಗಳು ಕೆಟ್ಟು ಜೀವಕ್ಕೇ ಅಪಾಯವಾಗುತ್ತದೆ. ಕ್ಯಾನಿನಲ್ಲಿ ತುಂಬಿ, ಮೇಲೆ ಬರೆದು, ಗ್ಯಾರೇಜಿಗೆ ಒಪ್ಪಿಸಿ.

ಮೂರನೆಯ ಹೆಜ್ಜೆ: ಗಾಳಿಯ ದಾರಿ ಮತ್ತು ಫ್ಯಾನ್

ಕಂಡೆನ್ಸರ್ ಮತ್ತು ರೇಡಿಯೇಟರಿನ ತೆಳುವಾದ ಪಟ್ಟಿಗಳ ನಡುವೆ ಧೂಳು, ಹುಳುಗಳು, ಹೊಲದ ಹೊಟ್ಟು ಕೂರುತ್ತವೆ. ಮುಂಗಾರಿನ ಕೆಸರು ಒಣಗಿ ಅಲ್ಲೇ ಗಟ್ಟಿಯಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಸಾಧಾರಣ ಒತ್ತಡದ ನೀರನ್ನು ಸಾಧ್ಯವಾದಷ್ಟೂ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಹಾಯಿಸಿ ತೊಳೆಯಬೇಕು. ವಾಟರ್ ಸರ್ವಿಸಿನವರ ಜೋರು ಪೈಪನ್ನು ಹತ್ತಿರದಿಂದ ಹಿಡಿದರೆ ಪಟ್ಟಿಗಳು ಮಡಚಿಕೊಂಡು, ತೊಳೆಯುವ ಮೊದಲಿಗಿಂತ ಹೆಚ್ಚು ಮುಚ್ಚಿಹೋಗುತ್ತವೆ. ಗ್ರಿಲ್‌ನ ಮುಂದೆ ಅಡ್ಡಲಾಗಿ ಹಾಕಿಸಿಕೊಂಡ ದೊಡ್ಡ ದೀಪ, ಅಲಂಕಾರದ ಬಲೆ, ಹಬ್ಬದ ದಿನ ಕಟ್ಟಿ ಬಿಚ್ಚಲು ಮರೆತ ಹೂವಿನ ಹಾರ, ಇವೆಲ್ಲವೂ ಗಾಳಿಗೆ ತಡೆಯೇ.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ಎಸಿ ಆರಿಸಿ ಹಾಗೆಯೇ ನಿಲ್ಲಿಸಿದರೆ ಎಂಜಿನ್ ಬಿಸಿಯಾದಾಗ ತಾನಾಗಿ ತಿರುಗಿ, ಆಮೇಲೆ ನಿಲ್ಲಬೇಕು. ಅನೇಕ ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಟ್ಟನೆ ಶುರುವಾಗಬಹುದು. ಬೆರಳು, ಸೀರೆಯ ಸೆರಗು, ದುಪಟ್ಟಾ ಅದರ ಬಳಿಗೆ ಹೋಗದಿರಲಿ.

ಗ್ಯಾರೇಜಿಗೆ ಹೋಗುವ ಮೊದಲು ಎಂಜಿನ್ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗ ಪತ್ತೆಯಾದಂತೆ. ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಹೆದ್ದಾರಿಯಲ್ಲಿ ಓಡಿದಾಗ ಇಳಿದರೆ ಸಂಶಯ ಫ್ಯಾನ್, ಅದರ ರಿಲೇ ಅಥವಾ ಫ್ಯೂಸಿನ ಮೇಲೆ. ಇಂಥ ಗಾಡಿಯಲ್ಲಿ ಎಸಿಯೂ ನಿಂತಾಗ ಬಿಸಿ ಗಾಳಿ, ಓಡುವಾಗ ತಣ್ಣನೆಯ ಗಾಳಿ ಕೊಡುತ್ತದೆ. ಊರೊಳಗೆ ಸರಿಯಿದ್ದು, ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆ, ಪಂಪ್ ಸೋತಿದೆ ಅಥವಾ ಕೂಲಂಟ್ ಕಡಿಮೆಯಿದೆ. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿಯಾದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿರಬಹುದು. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ-ಕಂದು ಲೇಪ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಎಲ್ಲೂ ಸೋರಿಕೆ ಕಾಣದಿದ್ದರೂ ಇಳಿಯುವ ಕೂಲಂಟ್, ಈ ಮೂರೂ ಸೇರಿದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಅದರ ಕೆಳಗಿನ ಭಾಗಕ್ಕೂ ನಡುವಿನ ಸೀಲ್, ಹೋಗಿರುವ ಸಾಧ್ಯತೆ ಹೆಚ್ಚು; ಆ ಗಾಡಿಯನ್ನು ಓಡಿಸಬಾರದು.

ಥರ್ಮೋಸ್ಟಾಟಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ‘ನಮ್ಮ ಸೆಖೆಗೆ ಇದು ಬೇಡ ಸಾರ್’ ಎಂದು ಅದನ್ನು ಕಿತ್ತು ಬಿಸಾಡುವ ಅಭ್ಯಾಸವಿದೆ. ಥರ್ಮೋಸ್ಟಾಟ್ ಇರುವುದು ಚಳಿ ದೇಶಗಳಿಗಾಗಿ ಅಲ್ಲ. ಎಂಜಿನ್ ಬೇಗ ತನ್ನ ಕೆಲಸದ ಶಾಖಕ್ಕೆ ಬಂದು, 82ರಿಂದ 90 ಡಿಗ್ರಿಯ ಸುಮಾರಿಗೆ ಕೂಲಂಟನ್ನು ರೇಡಿಯೇಟರಿಗೆ ಬಿಡುವಂತೆ ನೋಡಿಕೊಳ್ಳುವ ಕವಾಟ ಅದು. ಅದನ್ನು ತೆಗೆದರೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ. ಬಿಸಿಯಾಗಲು ನಿಜವಾದ ಕಾರಣ ಮಾತ್ರ ಒಳಗೇ ಉಳಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ತೆಗೆಸಬೇಡಿ.

ಏರು ಹತ್ತುವಾಗ

ಘಾಟಿಯಲ್ಲಿ ಎತ್ತರದ ಗಿಯರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುವ ಬದಲು ಒಂದು ಗಿಯರ್ ಇಳಿಸಿ. ಎಂಜಿನ್ ಹಗುರವಾಗಿ ತಿರುಗಿದಾಗ ಅದಕ್ಕೆ ಜೋಡಿಸಿದ ನೀರಿನ ಪಂಪೂ ವೇಗವಾಗಿ ತಿರುಗುತ್ತದೆ. ಸುಸ್ಥಿತಿಯ ಗಾಡಿಯಲ್ಲಿ ಏರಿನಲ್ಲಿ ಎಸಿ ಆರಿಸುವ ಅಗತ್ಯವಿಲ್ಲ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ತನ್ನ ನಿತ್ಯದ ಜಾಗದಿಂದ ಮೇಲಕ್ಕೆ ಸರಿಯತೊಡಗಿದರೆ ತಕ್ಷಣ ಆರಿಸಿ. ಲಾರಿಯ ಬೆನ್ನಿಗೇ ಅಂಟಿಕೊಂಡು ಹತ್ತುವವರಿಗೆ ಅದರ ಬಿಸಿ ಗಾಳಿಯೇ ರೇಡಿಯೇಟರಿಗೆ ಸಿಗುತ್ತದೆ, ಅಂತರ ಬಿಡಿ. ಟರ್ಬೊ ಎಂಜಿನ್ನಾದರೆ ಘಾಟಿ ಹತ್ತಿದ ಕೂಡಲೇ ಆರಿಸದೆ ಒಂದು ನಿಮಿಷ ಹಾಗೆಯೇ ಓಡಲು ಬಿಡಿ.

ಕೆಂಪು ದೀಪ ಹೊತ್ತಿದಾಗ

ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಶಾಖ ತೋರಿಸುವ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿರುವಾಗ ನೀಲಿ ದೀಪ, ಅತಿಯಾಗಿ ಬಿಸಿಯಾದಾಗ ಕೆಂಪು ದೀಪ, ಅಷ್ಟೆ. ಹೀಗಾಗಿ ಕೆಂಪು ದೀಪವನ್ನು ಮುನ್ನೆಚ್ಚರಿಕೆ ಎಂದು ತಿಳಿಯದೆ ಅಪಾಯದ ಕರೆ ಎಂದೇ ತಿಳಿಯಬೇಕು. ‘ಇನ್ನೆರಡು ಕಿಲೋಮೀಟರಿಗೆ ಊರು ಸಿಗುತ್ತದೆ’ ಎಂಬ ಲೆಕ್ಕದಲ್ಲೇ ಅಲ್ಯೂಮಿನಿಯಂ ಹೆಡ್ ಡೊಂಕಾಗಿ, ಕೆಲವು ನೂರು ರೂಪಾಯಿಯ ಹೋಸಿನ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಮೊದಲು ಎಸಿ ಆರಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರನ್ನು ಜೋರಾಗಿ ಇಡಿ. ಬೇಸಿಗೆಯಲ್ಲಿ ಇದು ಹಿಂಸೆಯೇ ಸರಿ, ಆದರೆ ಹೀಟರ್ ಆ ಕ್ಷಣಕ್ಕೆ ಎರಡನೆಯ ರೇಡಿಯೇಟರಾಗಿ ಕೆಲಸ ಮಾಡಿ ಗಾಡಿಯನ್ನು ಸುರಕ್ಷಿತ ಅಂಚಿಗೆ ತರುವಷ್ಟು ಅವಕಾಶ ಕೊಡುತ್ತದೆ. ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಅಥವಾ ಮೇಲಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ. ಕೂಲಂಟ್ ಖಾಲಿಯಾಗಿ ಸೆನ್ಸರಿಗೆ ಬಿಸಿ ದ್ರವವೇ ತಾಗದಿರಬಹುದು. ಗಾಡಿಯನ್ನು ರಸ್ತೆಯ ಎಡಬದಿಗೆ ಪೂರ್ತಿ ತೆಗೆದು ನಿಲ್ಲಿಸಿ, ಎಂಜಿನ್ ಆರಿಸಿ, ಹಜಾರ್ಡ್ ದೀಪ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದಾಚೆ ನೆರಳಿಗೆ ಕಳುಹಿಸಿ. ಹಬೆ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ.

ಕನಿಷ್ಠ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಿರಿ. ರೇಡಿಯೇಟರಿನ ಮುಚ್ಚಳವನ್ನು ಈ ಅವಧಿಯಲ್ಲಿ ತೆರೆದರೆ, ಒತ್ತಡದಿಂದಷ್ಟೇ ದ್ರವವಾಗಿ ಉಳಿದಿದ್ದ ಕೂಲಂಟ್ ಆ ಕ್ಷಣದಲ್ಲೇ ಕುದಿದು ಮುಖಕ್ಕೂ ಕೈಗೂ ಎರಚುತ್ತದೆ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಮುಟ್ಟಿದಾಗ ಬಿಸಿಯಿಲ್ಲ, ಒತ್ತಿದಾಗ ಮೆತ್ತಗಿದೆ ಎನಿಸಿದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ ಗಾಳಿ ಹೋಗಲು ಬಿಟ್ಟು ಆಮೇಲೆ ತೆಗೆಯಿರಿ. ಕುಡಿಯುವ ನೀರಾದರೂ ಸರಿ, ಈ ಸಂದರ್ಭದಲ್ಲಿ ಹಾಕಬಹುದು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುತ್ತದೆ, ಆದ್ದರಿಂದ ತಣಿದ ಮೇಲೆಯೇ, ಸ್ವಲ್ಪ ಸ್ವಲ್ಪವಾಗಿ. ಹಾಕಿದ ನೀರು ಕೆಳಗಿನಿಂದ ಹರಿದುಹೋದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಕೇಳಬಹುದು.

ಒಳಗಿನ ತಂಪು

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಗಾಜು ಏರಿಸಿ ಎಸಿಯನ್ನು ಕೊನೆಯ ಮಟ್ಟಕ್ಕಿಟ್ಟರೆ, ಹೊರಗಿನದಕ್ಕಿಂತ ಬಿಸಿಯಾದ ಒಳಗಿನ ಗಾಳಿಯನ್ನೇ ತಣಿಸಲು ಎಸಿ ಹೆಣಗುತ್ತದೆ. ಎಲ್ಲ ಕಿಟಕಿಗಳನ್ನು ಇಳಿಸಿ, ಬ್ಲೋವರ್ ಜೋರಾಗಿಟ್ಟು, ಹೊರಗಿನ ಗಾಳಿ ಬರುವಂತೆ ಮಾಡಿಕೊಂಡು ಒಂದೆರಡು ನಿಮಿಷ ಓಡಿಸಿ. ಕಾವು ಹೊರಹೋದ ಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಒತ್ತಿ. ಸ್ವಯಂಚಾಲಿತ ಎಸಿ ಇದ್ದರೆ 23ರಿಂದ 25 ಡಿಗ್ರಿ ಸಾಕು. ದೂರದ ಪ್ರಯಾಣದಲ್ಲಿ ಗಂಟೆಗಟ್ಟಲೆ ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಚಾಲಕನಿಗೆ ಮಂಪರು ಬರುತ್ತದೆ. ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಹೊರಗಿನ ಗಾಳಿ ಬಿಡಿ. ತಲುಪಲು ಎರಡು-ಮೂರು ನಿಮಿಷವಿದ್ದಾಗ ಎಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಒಳಗಿನ ತೇವ ಒಣಗಿ, ಮುಗ್ಗಲು ವಾಸನೆ ಹುಟ್ಟುವುದಿಲ್ಲ.

ಕರಾವಳಿಯಲ್ಲೂ ಮಳೆಗಾಲದ ಘಾಟಿಯಲ್ಲೂ ಕಾಡುವುದು ಗಾಜಿನ ಮೇಲಿನ ಮಂಜು. ಅದನ್ನು ಮೊದಲು ಬೆರಳಿನಿಂದ ಮುಟ್ಟಿ ನೋಡಿ. ಒಳಮೈಯಲ್ಲಿದ್ದರೆ ಎಸಿ ಹಾಕಿ, ಹೊರಗಿನ ಗಾಳಿಯನ್ನು ಒಳಗೆ ಬಿಟ್ಟು, ಗಾಜಿನ ಕಡೆಗೆ ತಿರುಗಿಸಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಮ್ಮ ಉಸಿರಿನ ತೇವವೇ ಮತ್ತೆ ಗಾಜಿಗೆ ಬಡಿಯುತ್ತದೆ. ಹೊರಮೈಯಲ್ಲಿದ್ದರೆ ಗಾಜು ಅತಿಯಾಗಿ ತಣ್ಣಗಾಗಿದೆ ಎಂದರ್ಥ. ವೈಪರ್ ಹಾಕಿ ಎಸಿಯ ತಂಪನ್ನು ಕಡಿಮೆ ಮಾಡಿ.

ಎಸಿ ಸೋತಿದೆ ಎನಿಸಿದಾಗ ಮೊದಲು ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಧೂಳಿನ ಊರುಗಳಲ್ಲಿ ಅದು ಬೂದುಬಣ್ಣದ ಕಂಬಳಿಯಾಗಿರುತ್ತದೆ, ಬದಲಿಸಿದ ಕೂಡಲೇ ಗಾಳಿಯ ವೇಗ ಮರಳುತ್ತದೆ. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕು ಎಂಬುದು ಸುಳ್ಳು. ಗ್ಯಾಸ್ ನಿಜವಾಗಿ ಕಡಿಮೆಯಾಗಿದ್ದರೆ ಸೋರಿಕೆ ಹುಡುಕಿಸಿ, ಸರಿಪಡಿಸಿ, ಪೈಪುಗಳೊಳಗಿನ ಗಾಳಿ, ತೇವವನ್ನು ಹೀರಿ ತೆಗೆಸಿ (ವ್ಯಾಕ್ಯೂಮ್), ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದ ಬಗೆಯ ಗ್ಯಾಸನ್ನು ಅಷ್ಟೇ ಗ್ರಾಂ ತೂಕ ಮಾಡಿ ಹಾಕಿಸಬೇಕು. ಹೆಚ್ಚು ತುಂಬಿಸಿದರೆ ತಂಪು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಹೊರೆ.

ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಮೊದಲು ಕಾನೂನು ನೆನಪಿರಲಿ: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಗಾಜುಗಳಲ್ಲಿ ಶೇಕಡಾ 50ರಷ್ಟು ಬೆಳಕು ಹಾಯಬೇಕು, ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಹೊಳೆಯುವ ಮಡಚು ಪರದೆ ಇಡುವುದು ಇದಕ್ಕಿಂತ ಉತ್ತಮ, ಸ್ಟೀರಿಂಗ್ ಮುಟ್ಟುವಂತಿರುತ್ತದೆ. ವಿದ್ಯುತ್ ಕಾರಿನವರು ಚಾರ್ಜರಿಗೆ ಜೋಡಿಸಿರುವಾಗಲೇ ಎಸಿ ಹಾಕಿ ಒಳಗನ್ನು ತಣಿಸಿಕೊಂಡು ಹೊರಟರೆ ಬ್ಯಾಟರಿಯ ಓಟ ಉಳಿಯುತ್ತದೆ.

ನಿಲ್ಲಿಸಿದ ಕಾರಿನಲ್ಲಿ ಯಾರೂ ಉಳಿಯಬಾರದು

ಬಿಸಿಲಲ್ಲಿ ಮುಚ್ಚಿದ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ 20 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಬಹುದು, ಆ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಗಾಜನ್ನು ಒಂದೆರಡು ಇಂಚು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗದು. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಬಿಸಿಯಾಗುವುದರಿಂದ ‘ಐದೇ ನಿಮಿಷ’ ಎಂಬ ಮಾತು ಇಲ್ಲಿ ಸಲ್ಲದು. ಮನೆಯಲ್ಲಿ ನಿಂತ ಕಾರನ್ನೂ ಲಾಕ್ ಮಾಡಿಡಿ, ಆಟವಾಡುವ ಮಕ್ಕಳು ಒಳಗೆ ಸೇರಿಕೊಂಡು ಬಾಗಿಲು ತೆರೆಯಲಾರದೆ ಹೋಗಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಎಸಿ ಹಾಕಿ ಮಲಗುವುದೂ ಪ್ರಾಣಾಂತಕ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬೀದಿಯಲ್ಲಿ ಯಾರದೋ ಕಾರಿನೊಳಗೆ ಮಗು ಒಂಟಿಯಾಗಿ ಸಿಕ್ಕಿಕೊಂಡಿರುವುದು ಕಂಡರೆ 112ಕ್ಕೆ ಕರೆ ಮಾಡಿ, ಅಕ್ಕಪಕ್ಕದವರನ್ನು ಕೂಗಿ. ಮಗು ಪ್ರತಿಕ್ರಿಯಿಸುತ್ತಿಲ್ಲವಾದರೆ ಕಾಯಬೇಡಿ. ಮಗುವಿನಿಂದ ದೂರದ ಪಕ್ಕದ ಕಿಟಕಿಯ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆದು ಒಡೆಯಿರಿ. ಹೊರತೆಗೆದ ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಮೈ ತಣಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.